ಅಮ್ಮನ ಪೆಟ್ಟಿಗೆಯ ಗಂಟೆಬೀಗ

ನಾಗಲ್ ನಗರ, ದಿಂಡಿಗಲ್
3-8-2022, ಬುಧವಾರ ಬೆಳಿಗ್ಗೆ

ನನ್ನ ಕಣ್ಣು ಜೆಸಿಂತಾಳಿಗೆ,

ಅಪ್ಪ ಬರೆಯುವುದು. ಮಾತೆ ಮರಿಯಮ್ಮ ನಿನ್ನ ತಲೆಯ ಮೇಲೆ ಕೈ ಇಟ್ಟಿರಲಿ. ಹೊಟ್ಟೆನೋವು ಹೇಗಿದೆ? ಆ ಹಾಸ್ಟೆಲಿನವರು ಬೇಳೆಗೆ ಸೋಡಾ ಹಾಕಿ ಬೇಯಿಸುತ್ತಾರೆ ಎಂದು ನಾನು ಮೊದಲ ದಿನವೇ ಹೇಳಿದ್ದೆ, ನೀನು ಕೇಳಲಿಲ್ಲ. ನನ್ನ ಮಂಡಿ ಹಾಗೇ ಇದೆ. ಬಲಗಣ್ಣಿನ ಪೊರೆ ಇನ್ನೂ ಹಣ್ಣಾಗಿಲ್ಲವಂತೆ, ಮಾವಿನಕಾಯಿಯ ಹಾಗೆ ಕಾಯಬೇಕಂತೆ. ಉಳಿದಂತೆ ಐ ಆಮ್ ಕ್ವೈಟ್ ವೆಲ್ ಅಂಡ್ ಹೋಪಿಂಗ್ ಯುವರ್ ಗುಡ್ ಸೆಲ್ಫ್ ಈಸ್ ದಿ ಸೇಮ್. ಪಿಯುಸಿಯಲ್ಲಿ ಕಲಿಸಿದ ಪತ್ರಲೇಖನದಲ್ಲಿ ಈ ಸಾಲು ಮತ್ತು ಕೊನೆಯ ‘ಯುವರ್ಸ್ ಫೇತ್‌ಫುಲಿ’ ಮಾತ್ರ ಉಳಿದಿವೆ, ನಡುವಿನದೆಲ್ಲ ಮರೆತುಹೋಗಿದೆ. ಆದ್ದರಿಂದ ನಡುವಿನದನ್ನು ನಾನೇ ಬರೆಯಬೇಕು.

ಫೋನಿದ್ದೂ ಕಾಗದವೇಕೆ ಎಂದು ನಗಬೇಡ. ಫೋನನ್ನು ಯಾರು ಬೇಕಾದರೂ ಕದ್ದು ಕೇಳಬಹುದು ಎಂದು ನನ್ನನ್ನು ಹೆದರಿಸಿದವಳು ನೀನೇ. ಕಾಗದಕ್ಕಾದರೆ ಗೋಂದು ಹಚ್ಚಿ, ಮೇಲೆ ಅಡ್ಡ ಸಹಿ ಹಾಕಿದರೆ ಮುಗಿಯಿತು. ಆ ಸಹಿ ಮುರಿದಿದ್ದರೆ ಯಾರೋ ತೆರೆದಿದ್ದಾರೆ ಎಂದು ತಿಳಿದುಕೋ. ಇದನ್ನೂ ನಿನ್ನ ಸಾರ್ ಕಲಿಸಿರಬಹುದು, ನನಗೆ ಗೊತ್ತಿಲ್ಲ.

ಭಾನುವಾರ ನೀನು ಫೋನಿನಲ್ಲಿ ಅತ್ತಾಗಿನಿಂದ ನನಗೆ ಅನ್ನ ಇಳಿಯುತ್ತಿಲ್ಲ. ಕೆಲಸಕ್ಕೆ ಸೇರಿ ಐದು ತಿಂಗಳು, ಮೊಟ್ಟಮೊದಲಿಗೆ ಒಬ್ಬಳಿಗೇ ಎಂದು ಕೊಟ್ಟ ಕೆಲಸ, ಯಾರದೋ ಕಂಪನಿಯ ಕಂಪ್ಯೂಟರಿನೊಳಗೆ ಹೊಗುವ ಕಿಂಡಿ ಹುಡುಕುವುದು. ಮೂರು ವಾರ ತಡಕಿದರೂ ನಿನಗೆ ಸಿಗಲಿಲ್ಲ, ನಿನ್ನ ತಿರುವೇಂಗಡಂ ಸಾರ್ ಬಂದು ಕಾಫಿ ಆರುವುದರೊಳಗೆ ಹುಡುಕಿಕೊಟ್ಟರು. ಅದಕ್ಕೇ ಬರುವ ಸೋಮವಾರ ರಾಜೀನಾಮೆ ಕೊಡುತ್ತೇನೆ ಎಂದೆ. “ನಂಗೆ ಆ ಕೈ ಇಲ್ಲ ಅಪ್ಪಾ, ಕೈ ಇದ್ದೋರಿಗೆ ಮಾತ್ರ ಈ ಕೆಲಸ” ಎಂದೆ. ಆಮೇಲೆ ಒಂದು ಮಾತು ಕೇಳಿದೆ. “ಅಮ್ಮನ ಪೆಟ್ಟಿಗೆ ಬೀಗ ಅವತ್ತು ತೆರೆದೇ ಇತ್ತಾ ಅಪ್ಪಾ?” ನಾನು ಹಾಲು ಉಕ್ಕುತ್ತಿದೆ ಎಂದು ಫೋನ್ ಇಟ್ಟೆ. ಹಾಲು ಉಕ್ಕುತ್ತಿರಲಿಲ್ಲ. ಸಾಯಂಕಾಲ ಐದಕ್ಕೆ ನನ್ನ ಮನೆಯಲ್ಲಿ ಹಾಲೆಲ್ಲಿಂದ ಬರಬೇಕು?

ಆ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ನಿನ್ನ ಸಾರ್ ವಿಷಯ. ಜೆಲಸ್ ಎಂದುಕೊಳ್ಳಬೇಡ, ನನಗೆ ಆ ಮನುಷ್ಯನ ಮೇಲೆ ಏನೂ ಇಲ್ಲ. ಆದರೆ ಕಂಪನಿಯ ಫೋಟೊದಲ್ಲಿ ನಿನ್ನ ಪಕ್ಕದಲ್ಲಿ ನಿಂತವರು, ಕಾಲರಿಲ್ಲದ ಅಂಗಿ, ನೆರೆತ ಗಡ್ಡ, ಅವರೇ ತಾನೆ? ನನ್ನ ವಯಸ್ಸಿರಬಹುದು. ಆ ಫೋಟೊವನ್ನು ದೊಡ್ಡದು ಮಾಡಿ ನೋಡಿದೆ, ಕೈಬೆರಳು ನೋಡಲು. ಒಂದು ಗಾಯದ ಗುರುತಿಲ್ಲ. ಕಬ್ಬಿಣ ಉಜ್ಜುವ ಅರ ಹಿಡಿಯದ ಬೆರಳುಗಳು. ಆದರೂ ನೀನು ಫೋನ್ ಮಾಡಿದಾಗಲೆಲ್ಲ ಸಾರ್ ಹೀಗೆ ಹೇಳ್ತಾರೆ, ಸಾರ್ ಹಾಗೆ ಹೇಳ್ತಾರೆ. ಹೋದ ತಿಂಗಳು ಏನೆಂದೆ? “ಬೀಗ ಮಾಡೋವ್ನು ಮೊದ್ಲು ಕಳ್ಳನ ಥರ ಕೂತು ಯೋಚ್ನೆ ಮಾಡ್ಬೇಕು ಅಂತ ಸಾರ್ ಹೇಳ್ತಾರಪ್ಪಾ, ಎಂಥಾ ಮಾತು ನೋಡು!” ಮಗಳೇ, ಆ ಮಾತನ್ನು ನೀನು ತೊಟ್ಟಿಲಲ್ಲಿದ್ದಾಗಿನಿಂದ ಮನೆಗೆ ಅಂಟಿದ ನಮ್ಮ ಬೀಗದ ಪಟ್ಟಡಿಯಲ್ಲಿ ಯಾರು ಹೇಳುತ್ತಿದ್ದರು? ಆಗ ಅದು ಅಪ್ಪನ ಗೊಣಗಾಟ. ಚೆನ್ನೈನಲ್ಲಿ ಏಸಿ ಹಾಕಿಕೊಂಡು ಹೇಳಿದರೆ ಎಂಥಾ ಮಾತು!

ಮೂವತ್ತಾರು ವರ್ಷ ಜೊತೆಗೆ ಕೂತು ಬೀಗ ಮಾಡಿದ ನಮ್ಮ ಇಬ್ರಾಹಿಂ ರಾವುತ್ತರ್‌ಗೆ ನಿನ್ನ ಕೆಲಸವನ್ನು ವಿವರಿಸಲು ನನಗೆ ಒಂದು ವಾರ ಹಿಡಿಯಿತು. ಎಥಿಕಲ್ ಹ್ಯಾಕಿಂಗ್ ಎನ್ನುತ್ತೀಯಲ್ಲ, ಎಥಿಕಲ್ ಎಂದರೆ ನೀತಿಯುಳ್ಳದ್ದು ಎಂದು ಕಾಲೇಜಿನಲ್ಲಿ ಓದಿದ ನೆನಪು. ಹಾಗೆಂದೆ. ಅವನು ಬೀಡಿ ಆರಿಸಿ ಗಹಗಹಿಸಿದ. “ಮಾಪ್ಳೆ, ನೀನು ಹುಟ್ಟಿದಾಗಿಂದ ಕಳ್ರಿಗೆ ಬಾಗ್ಲು ಹಾಕ್ದೆ. ನಿನ್ ಮಗ್ಳು ಸಂಬ್ಳ ತಗೊಂಡು ಅದೇ ಬಾಗ್ಲು ಒಡೀತಾಳೆ. ನಿಮ್ಮನೇಲಿ ಬುದ್ಧಿ ಇರೋದು ಅವಳೊಬ್ಳಿಗೇ ಬಿಡು!” ಅವನು ತಮಾಷೆಗೆ ಹೇಳಿದ. ನನಗೆ ಆ ದಿನ ಅವನೊಡನೆ ಚಹಾ ಕುಡಿಯಲು ಮನಸ್ಸಾಗಲಿಲ್ಲ.

ಇನ್ನೊಂದು. ಈಸ್ಟರ್‌ಗೆ ಬಂದಾಗ ನನ್ನ ಕೈಯಿಂದ ಒಂದು ಗಂಟೆಬೀಗ ಕೇಳಿ ಒಯ್ದೆ. ನಿನಗೇ ಬೇಕೇನೋ ಎಂದು ಹಿತ್ತಾಳೆಗೆ ಎರಡು ದಿನ ಹೊಳಪು ಕೊಟ್ಟೆ. ಆಮೇಲೆ ತಿಳಿಯಿತು, ಅದು ಸಾರ್ ಮೇಜಿನ ಮೇಲಿದೆಯಂತೆ. ಇರಲಿ. ಆದರೆ ಅವರು ಅದನ್ನು ತಿರುಗಿಸಿ ನೋಡಿ, “ಬೀಗ ಗಟ್ಟಿ ಇದೆ, ಗಂಟೆ ಮಾತ್ರ ಬರೀ ಷೋಕಿ” ಎಂದರಂತೆ, ನೀನೂ ನಕ್ಕೆಯಂತೆ. ಅವರಿಗೆ ಹೇಳು. ಗಂಟೆ ಷೋಕಿಯಲ್ಲ. ಒಳಗೆ ಬೀಗವನ್ನು ತಡೆದು ಹಿಡಿಯುವ ಲಿವರ್ ಒಂದೊಂದು ಎದ್ದಾಗಲೂ ಗಂಟೆ ಒಂದೊಂದು ಸಲ ಬಡಿಯುತ್ತದೆ. ಬೀಗದಕೈಯಿಂದ ಎಬ್ಬಿಸಿದರೂ ಅಷ್ಟೇ, ಕಳ್ಳಕಡ್ಡಿಯಿಂದ ಎಬ್ಬಿಸಿದರೂ ಅಷ್ಟೇ. ತೆರೆದಿರುವ ಬೀಗದ ಕೊಂಡಿಯನ್ನು ಎಷ್ಟು ಎಳೆದರೂ ಗಂಟೆ ಬಾಯಿ ಬಿಡುವುದಿಲ್ಲ. ಅಡಿಗೆಮನೆಯಲ್ಲಿರುವ ಹೆಂಗಸಿಗೆ ಪೆಟ್ಟಿಗೆಯ ಹತ್ತಿರ ಯಾರಿದ್ದಾರೆ ಎಂದು ಗೊತ್ತಾಗಲಿ ಎಂದೇ ಅದನ್ನು ಇಟ್ಟಿರುವುದು. ನಿನ್ನ ಕಂಪ್ಯೂಟರಿನಲ್ಲಿಯೂ ಅಂಥದೊಂದು ಗಂಟೆ ಇರಬೇಕಲ್ಲವೆ? ಇಲ್ಲದಿದ್ದರೆ ಇಡಿಸು.

ನಮ್ಮ ಪಟ್ಟಡಿಯ ಕಟ್ಟಳೆ ನಿನಗೆ ಗೊತ್ತು. ಹೊಸ ಮಾದರಿಯ ಬೀಗ ಮಾಡಿದರೆ ಅದನ್ನು ಬೀಗದಕೈ ಇಲ್ಲದೆ ಮತ್ತೊಬ್ಬನ ಕೈಗೆ ಕೊಡಬೇಕು. ಅವನು ತೆರೆದರೆ, ಮಾಡಿದವನು ತನ್ನ ಹೆಸರನ್ನು ತಾನೇ ಅರದಿಂದ ಉಜ್ಜಿ ತೆಗೆದು, ತೆರೆದವನ ಹೆಸರನ್ನು ತನ್ನ ಕೈಯಾರೆ ಕೊರೆದು ಕೊಡಬೇಕು. ರಾವುತ್ತರ್ ಗೂಡಿನಲ್ಲಿ ಹಾಗೆ ನನ್ನ ಮೂರು ಬೀಗಗಳಿವೆ, ನನ್ನ ಗೂಡಿನಲ್ಲಿ ಅವನ ಐದಿವೆ. ಅವನು ಹತ್ತು ದಿನ ಗುದ್ದಾಡಿ ಕೈಚೆಲ್ಲಿದ್ದು ಒಂದೇ ಬೀಗಕ್ಕೆ, ನಿನ್ನಮ್ಮನ ಸೀರೆಪೆಟ್ಟಿಗೆಗೆ ನಾನು ಮಾಡಿಕೊಟ್ಟ ಆರು ಲಿವರಿನ ಗಂಟೆಬೀಗಕ್ಕೆ. ಮದುವೆಯಾದ ವರ್ಷ ಮಾಡಿದ್ದು. ಊರಿನವರೆಲ್ಲ ನನ್ನನ್ನು ಗುರುತಿಸುತ್ತಿದ್ದುದು ಅದರಿಂದಲೇ. ನಿನ್ನಮ್ಮ ಅಡೈಕಲಮ್ಮಾಳ್ ತೀರಿಹೋಗಿ ಎರಡು ವರ್ಷವಾದರೂ ಅದನ್ನು ಪೆಟ್ಟಿಗೆಯಿಂದ ಬಿಚ್ಚಿರಲಿಲ್ಲ.

ನೀನು ಕೇಳಿದ ಆ ದಿನ ನಿನಗೆ ಹನ್ನೊಂದು ವರ್ಷ. ಅಮ್ಮ ಬೀಗದಕೈ ಕಳೆದುಕೊಂಡು ಮನೆಯೆಲ್ಲ ಹುಡುಕುತ್ತಿದ್ದಳು. ನೀನು ಸೈಕಲ್ ಚಕ್ರದ ಕಡ್ಡಿಯ ತುದಿಯನ್ನು ಕಲ್ಲಿನಿಂದ ಚಪ್ಪಟೆ ಮಾಡಿಕೊಂಡು ಪೆಟ್ಟಿಗೆಯ ಮುಂದೆ ಕೂತಿದ್ದೆ. ಆಮೇಲೆ ಬಿಚ್ಚಿದ ಬೀಗ ಹಿಡಿದು ಪಟ್ಟಡಿಗೆ ಓಡಿಬಂದೆ, ಮೊಣಕಾಲೆಲ್ಲ ಧೂಳು. “ಅಪ್ಪಾ, ನಾನ್ ತೆಗ್ದೆ!” ನಾನು ತಲೆ ಎತ್ತದೆ ಹೇಳಿದೆ. “ತೆಗೆಯೋಕೇನಿದೆ? ಅದು ತೆರೆದೇ ಇತ್ತು, ನಿಮ್ಮಮ್ಮ ಹಾಕೋದು ಮರ್ತಿದ್ಲು, ಹೋಗು.” ನೀನು ಹೋದೆ. ಆಮೇಲೆ ಪಟ್ಟಡಿಯ ಕಡೆಗೆ ಬರುವುದನ್ನೇ ಬಿಟ್ಟೆ. ರಾತ್ರಿ ಊಟಕ್ಕೆ ಬಡಿಸುತ್ತಾ ಅಮ್ಮ ಒಂದೇ ಮಾತು ಹೇಳಿದಳು. “ಮಗು ಹತ್ರ ಹಾಗಂದ್ರಲ್ಲಾ ರೀ.” ಸಾಯುವವರೆಗೂ ಮತ್ತೆ ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು.

ಇಲ್ಲಿಗೆ ಬಂದು ಪೆನ್ನು ನಿಲ್ಲುತ್ತಿದೆ. ಮೇಲೆ ಎಲ್ಲೋ ಜೆಲಸ್ ಅಲ್ಲ ಎಂದು ಬರೆದೆನಲ್ಲ, ಅದನ್ನು ಹೊಡೆದುಹಾಕಿಲ್ಲ, ಹಾಗೇ ಬಿಟ್ಟಿದ್ದೇನೆ. ಸಾರ್ ಮೇಲೆ ಹೊಟ್ಟೆಕಿಚ್ಚು ಇರುವುದು ನಿಜ. ಆದರೆ ಅದು ಈ ವರ್ಷದ್ದು, ಚಿಕ್ಕದು. ಹಳೆಯದೊಂದಿದೆ.

ಬಸ್ಸಿನಲ್ಲಿ ಕಳಿಸುವ ಚೀಲದಲ್ಲಿ ಈ ಕಾಗದದ ಜೊತೆ ಮಾವು ಉಪ್ಪಿನಕಾಯಿ ಡಬ್ಬಿ ಇಟ್ಟಿದ್ದೇನೆ, ಹೊಟ್ಟೆ ಸರಿಹೋದ ಮೇಲೆ ತಿನ್ನು. ಹಾಸ್ಟೆಲಿನ ಅಕ್ಕನಿಗೆ ನನ್ನ ನಮಸ್ಕಾರ. ನಿನ್ನ ಸಾರ್‌ಗೂ ಒಂದು ಹೇಳು, ಬೇಕಾದರೆ.

ಯುವರ್ಸ್ ಫೇತ್‌ಫುಲಿ,
ನಿನ್ನ ಅಪ್ಪ
ಸ. ಆರೋಕ್ಯಸಾಮಿ

ಮರೆತಿದ್ದೆ: ಉಪ್ಪಿನಕಾಯಿಯ ಕೆಳಗೆ ಬಟ್ಟೆಯಲ್ಲಿ ಸುತ್ತಿದ ಬೀಗವಿದೆ. ಬಸ್ಸಿನವನು ಹಾರ್ನ್ ಹಾಕುತ್ತಿದ್ದಾನೆ, ಬೇಗ ಬರೆಯುತ್ತೇನೆ. ಅಮ್ಮನದೇ ಬೀಗ. ಬೆಳಿಗ್ಗೆ ಅರ ಹಿಡಿದೆ, ನನ್ನ ಹೆಸರು ಹೋಗಲು ಬಹಳ ಹೊತ್ತಾಯಿತು, ಆಳವಾಗಿ ಕೊರೆದಿದ್ದೆ. ಈಗ ನಿನ್ನ ಹೆಸರಿದೆ, ಕಣ್ಣಿನ ಪೊರೆಯಿಂದ ‘ತಾ’ ಸ್ವಲ್ಪ ಸೊಟ್ಟ. ರಾವುತ್ತರ್ ನೋಡಿ “ಹನ್ನೊಂದು ವರ್ಷದ ಮಗೂಗೆ ಸೋತೋನು ಹದಿನಾಲ್ಕು ವರ್ಷ ಬಚ್ಚಿಟ್ಕೊಂಡಿದ್ಯಾ!” ಎಂದು ಬೈದ. ಹೌದು, ಬಚ್ಚಿಟ್ಟೆ. ಸೋಮವಾರ ಏನು ಮಾಡಬೇಕೆಂದು ನಾನು ಹೇಳುವುದಿಲ್ಲ. ಆದರೆ ಕೈ ಇಲ್ಲ ಎಂದು ಮಾತ್ರ ಬರೆಯಬೇಡ. ಅವತ್ತು ನಾನು ಪಟ್ಟಡಿಯಲ್ಲಿ ಅರ ಕೆಳಗಿಟ್ಟು ಕೇಳುತ್ತಾ ಕೂತಿದ್ದೆ. ಗಂಟೆ ಬಡಿಯಿತು, ನನ್ನ ಕಣ್ಣು. ಆರು ಸಲ.