ಒಂದು ಬೆರಳಿನಷ್ಟು

ಅಬ್ಬಿಗೇರಿ, ಅಕ್ಟೋಬರ್ ೧೯೫೬

ಅರ್ಜುನಪ್ಪ,

ನಿನ್ನನ್ನು ಗಲ್ಲಿಗೇರಿಸಿ ಎರಡು ವರ್ಷವಾಯಿತು. ಆದರೂ ಇಂದು ಕಂಡದ್ದನ್ನು ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ಕಳೆದ ವಾರ ಮಳೆ ನಿಂತ ಮೇಲೆ ಹೊಲ ದಾಟುವಾಗ ಎರೆಮಣ್ಣಿನಲ್ಲಿ ನನ್ನ ಬರಿಗಾಲು ಅಚ್ಚೊತ್ತಿತು. ಯಾಕೋ ಕುತೂಹಲವಾಗಿ, ಜೋಳದ ದಂಟೊಂದನ್ನು ಆ ಹೆಜ್ಜೆಯಷ್ಟೇ ಉದ್ದಕ್ಕೆ ಮುರಿದು ಇಟ್ಟುಕೊಂಡೆ. ಕೊಲೆಯಾದ ಹೊಲದಲ್ಲಿ ಫೌಜದಾರರು ನನ್ನಿಂದ ಅಳತೆ ಮಾಡಿಸಿದ್ದೂ ಹೀಗೆಯೇ. ಆದರೆ ನಾಲ್ಕು ದಿನ ಬಿಸಿಲು ಬಿದ್ದ ಮೇಲೆ. ಅಂದು ಮುರಿದ ದಂಟು ನಿನ್ನ ಪಾದಕ್ಕೆ ಸರಿಹೊಂದಿತೆಂದು ಕೋರ್ಟಿನಲ್ಲಿ ಸಾಕ್ಷಿ ಹೇಳಿದೆ.

ಇಂದು ಹೋಗಿ ನೋಡಿದರೆ ನೆಲ ಬಿರುಕು ಬಿಟ್ಟಿತ್ತು. ನನ್ನ ದಂಟು ನನ್ನದೇ ಹೆಜ್ಜೆಯೊಳಗೆ ಕೂರಲಿಲ್ಲ, ಒಂದು ಬೆರಳಿನಷ್ಟು ಹೊರಗುಳಿಯಿತು. ನಂಬಲಾಗದೆ ಇನ್ನೂ ಮೂರು ಹೆಜ್ಜೆ ಅಳೆದೆ. ಮೂರೂ ಅಷ್ಟೇ. ಮಣ್ಣು ಒಣಗುತ್ತ ಹೆಜ್ಜೆಯನ್ನೂ ಕುಗ್ಗಿಸಿತ್ತು. ಅಂದರೆ ಅಂದಿನ ಆ ಹೆಜ್ಜೆ ನಿನಗಿಂತ ದೊಡ್ಡ ಪಾದದವನದು.

ಹುಲ್ಲಿನ ಹೊರೆ ಹೊತ್ತು ಬಂದ ನಿನ್ನ ಹೆಂಡತಿ ತಿಪ್ಪವ್ವ ನಿಂತು ಕೇಳಿದಳು: "ಏನ ಅಳ್ಯಾಕತ್ತೀರಿ ಮಾಸ್ತರ?"

"ಏನಿಲ್ಲ ತಂಗಿ, ಸಾಲಿಯಾಗ ಅಳತಿ ಪಾಠ ಐತಿ," ಎಂದೆ.

ನೀನು ಜೈಲಿನಲ್ಲಾದರೂ ಇದ್ದಿದ್ದರೆ ನಾಳೆಯ ಮೊದಲ ಬಸ್ಸಿಗೇ ಈ ದಂಟು ಹಿಡಿದು ಕೋರ್ಟಿಗೆ ಹೋಗುತ್ತಿದ್ದೆ.

ಕಟಕಟೆಯಿಂದ ನೀನು ನನ್ನನ್ನು ಕೇಳಿದ್ದು ಒಂದೇ ಮಾತು. "ಎರಿ ನೆಲ ಬಿರಿತೈತಲ್ರಿ ಮಾಸ್ತರ, ಹೆಜ್ಜಿ ಮೊದಲಿನಂಗ ಇರ್ತೈತೇನ್ರಿ?" ಓದು ಬಾರದವನ ಮಾತೆಂದು ನಾನು ನಕ್ಕಿದ್ದೆ.

ಇರುವುದಿಲ್ಲ, ಅರ್ಜುನಪ್ಪ. ಒಂದು ಬೆರಳಿನಷ್ಟು ಕಡಿಮೆಯಾಗುತ್ತದೆ.