ಯಾರ ಕೈಯೂ ಇಲ್ಲದ ನಡುಕ

ಶಹಾಪುರ
ಜನವರಿ 6, ಸೋಮವಾರ, ಬೆಳಿಗ್ಗೆ

ಲಿಂಗಣ್ಣ, ಹೇಗಿದ್ದೀಯಪ್ಪ? ಶಾಂಭವಿಯ ಮೊಣಕಾಲಿನ ಬಾವು ಇಳಿಯಿತೇ? ಬಸ್ಸಮ್ಮ ಚಿಗವ್ವ ಎರಡು ಹೊತ್ತೂ ಉಣ್ಣುತ್ತಾಳೋ, ಇನ್ನೂ ಚಹಾದಲ್ಲೇ ದಿನ ತಳ್ಳುತ್ತಾಳೋ? ನಾನು ಆರಾಮ. ಚಳಿಗೆ ಬೆರಳು ತುಸು ಬಿಗಿಯುತ್ತವೆ. ಬಿಸಿಲೇರಿದರೆ ಸರಿ.

ಇದು ಕಳಿಸುವ ಕಾಗದವಲ್ಲ. ದಿನಚರಿ. ಸುರಪುರಕ್ಕೆ, ತಮ್ಮನಿಗೆ, ಬರೆದು ಬರೆದು ರೂಢಿಯಾದ ಕೈ... ನಿನ್ನ ಹೆಸರು ಹಾಕದೆ ಮುಂದಕ್ಕೆ ಹೋಗುವುದಿಲ್ಲ. ನಿನ್ನ ಪುಟ್ಟ ವಿಮಾನದ ಮಾತು ಎತ್ತಬೇಡ ಎಂದಿದ್ದೀಯ. ಇಲ್ಲಿ ಬರೆದರೆ ಎತ್ತಿದಂತಲ್ಲ.

ಅಂಗಡಿ ತೆರೆದೆ. ಒಂದು ಹೊಲಿಗೆ ಮಷಿನ್ನಿನ ಶಟಲ್ ಸರಿಮಾಡಿದೆ. ಕಸೂತಿ ಮಷಿನ್ನಿಗೆ ನವಿಲಿನ ಡಿಸೈನ್ ತುಂಬಿ ಬಿಟ್ಟಿದ್ದೇನೆ. ತಾನೇ ಹೊಲಿಯುತ್ತಿದೆ. ಅದರ ಪಕ್ಕಕ್ಕೆ ನಿನ್ನ ಟ್ರಾನ್ಸ್‌ಮೀಟರ್, ವಿಮಾನ ಹಾರಿಸುವ ರಿಮೋಟು. ಗುಜರಿಗೆ ಹಾಕು ಎಂದು ಕೊಟ್ಟು ಹೋದದ್ದು. ಹಾಕಿಲ್ಲ.

ಎಳ್ಳಮಾವಾಸ್ಯೆಯ ದಿನವೇ ಕಣ್ಣಮುಂದೆ. ದೇವಾಪುರದ ಹೊಲ. ಭೂತಾಯಿಗೆ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ ಉಂಡು ಬನ್ನಿ ಗಿಡದ ಕೆಳಗೆ ಕೂತಿದ್ದೆವು. ನೀನು ಸನ್‌ಬೋರ್ಡಿನ ಹಗುರ ಹಲಗೆಯಲ್ಲಿ ಮಾಡಿದ ಹಳದಿ ವಿಮಾನ ಹಾರಿಸಿದೆ. ಚೆಂದ ಹಾರಿತು. ಇಳಿಸುವಾಗ ಒಮ್ಮೆಲೇ ಮೂಗು ಕೆಳಗೆ. ಕುರಿ ಕಾಯುವ ಭೀಮಮ್ಮ ತೊಡೆಯ ಮೇಲೆ ಮರಿ ಇಟ್ಟುಕೊಂಡು ಕೂತಿದ್ದಳು. ಅವಳ ಮಗ್ಗುಲಿಗೇ ಬಂದು ನಾಟಿತು. ಒಂದು ಮೊಳ ಈ ಕಡೆ ಬಂದಿದ್ದರೆ...

ನೀನೇ ಅಂದೆ: "ನನ್ನ ಕೈ. ದಸರಾದಿಂದ ನಡಗಾಕತ್ತದ. ಇನ್ನ ಇದನ್ನ ಮುಟ್ಟಂಗಿಲ್ಲ."

ನಿನ್ನೆ ಶಾಂಭವಿ ಫೋನ್ ಮಾಡಿ ಗಂಡನ ಸುದ್ದಿ ಹೇಳಿದಳು. "ಅಕ್ಕಾರ, ಅಂಗಡ್ಯಾಗ ತಕ್ಕಡಿ ಹಿಡಿಯೂದೂ ಬಿಟ್ಟಾರ್ರಿ. ವಿಮಾನ ಮಾಡೋ ಹಿತ್ತಲ ಖೋಲಿಗೆ ಕೀಲಿ ಜಡದಾರ. ಕುಂತಲ್ಲೇ ಕುಂತಿರ್ತಾರ. ಬೈದ್ರ ತಿರುಗಿ ಬೈಯಂಗಿಲ್ಲ, ಅದೇ ನನಗ ಅಂಜಿಕಿ."

ಮೊದಲು ವಿಮಾನ. ಆಮೇಲೆ ತಕ್ಕಡಿ. ಮುಂದೆ ಏನೇನು ಬಿಡುತ್ತೀ?

ಜನವರಿ 9, ಗುರುವಾರ

ಯಾದಗಿರಿಗೆ ಹೋಗಿ ಬಂದೆ. ಸ್ಟೇಷನ್ ಕಡೆ ಮೊಬೈಲ್ ರಿಪೇರಿ ಮಾಡುವ ಚಾಂದಪಾಶಾ, ನಿನಗೆ ಮೋಟಾರು ತರಿಸಿಕೊಡುತ್ತಿದ್ದವನು. ಟ್ರಾನ್ಸ್‌ಮೀಟರ್ ಮುಂದಿಟ್ಟೆ.

"ಅವ್ವಾರ, ಇದರಾಗ ಕಂಪನಿ ತುಂಬಿದ್ದು ತಗದು ಬ್ಯಾರೆ ಫರ್ಮ್‌ವೇರ್, ಅಂದ್ರ ಒಳಗಿನ ಸಾಫ್ಟ್‌ವೇರ್, ಹಾಕಬಹುದು. ಹಾರಿಸೋ ಮಂದಿನೇ ಕುಂತು ಬರದಾರ. ಪುಕ್ಕಟ ಸಿಗ್ತದ."

"ಅದನ್ನ ಹಾಕಿದ್ರ, ಕೈ ನಡಗಿದ್ರೂ ವಿಮಾನ ನಡಗದಂಗ ಮಾಡಾಕ ಬರ್ತದೇನು?"

ತಲೆ ಕೆರೆದುಕೊಂಡ. "ಬರ್ತದ. ಹೆಬ್ಬಟ್ಟಿಲೆ ಆಡಸೋ ಈ ಕಡ್ಡಿ ಸಣ್ಣಗ ಅಲುಗಿದ್ರ ಕಿವುಡ ಆಗು, ಬೇಕಂತ ಸರಿಸಿದ್ರ ಮಾತ್ರ ಕೇಳು ಅಂತ ಹೇಳಿ ಇಡಬಹುದು. ಆದ್ರ ಹಾಕೂವಾಗ ನಡುವ ತಾರ ಕಿತ್ರಂದ್ರ ಖಲ್ಲಾಸ್. ಮತ್ತ ನನ್ನ ಜಿಮ್ಮೇದಾರಿ ಅನಬ್ಯಾಡ್ರಿ."

"ನಿನ್ನ ಜಿಮ್ಮೇದಾರಿ ಯಾರ ಕೇಳ್ಯಾರ? ತಾರ ಕೊಡು."

ಕೊಟ್ಟ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನೇ ತಿರುವಿ ತಿರುವಿ ನೋಡಿದೆ. ಒಂದು ತುದಿ ಲ್ಯಾಪ್‌ಟಾಪಿಗೆ. ಇನ್ನೊಂದು ಟ್ರಾನ್ಸ್‌ಮೀಟರಿನ ಬೆನ್ನಿಗೆ. ಅಷ್ಟೇ.

ಜನವರಿ 11, ಶನಿವಾರ, ಮಧ್ಯಾಹ್ನ

ಕಸೂತಿ ಮಷಿನ್ನಿಗೆ ಹೂವು ತುಂಬುವ ಹಳೆಯ ಲ್ಯಾಪ್‌ಟಾಪಿಗೇ ಜೋಡಿಸಿದೆ. ಇದೂ ಅದೇ ಕೆಲಸ ಎಂದುಕೊಂಡರೆ ಎದೆ ಹೊಡೆದುಕೊಳ್ಳುವುದಿಲ್ಲ. ಹೂವು ತಪ್ಪಿದರೆ ಬಟ್ಟೆ ಹೋಗುತ್ತದೆ. ಇದು ತಪ್ಪಿದರೆ... ಇರಲಿ.

ಮೊದಲು ಒಳಗಿದ್ದುದರ ಬ್ಯಾಕಪ್. ನಿನ್ನ ಹಳದಿ ವಿಮಾನದ ಸೆಟ್ಟಿಂಗೂ ಅದರಲ್ಲಿದೆ. ಆಮೇಲೆ ಹೊಸದು. ಪೋರ್ಟ್ ಸಿಗಲಿಲ್ಲ ಎಂದಿತು. ಮತ್ತೆ ಹಾಕಿದರೂ ಅದೇ ರಾಗ. ತಾರ ಗುರುತಿಸುವ ಡ್ರೈವರ್ ಲ್ಯಾಪ್‌ಟಾಪಿನಲ್ಲಿ ಇರಲಿಲ್ಲ. ಹುಡುಕಿ ಹಾಕಿದೆ. ಸಿಕ್ಕಿತು.

ಹಸಿರು ಗೆರೆ ತೆವಳತೊಡಗಿತು. ಟ್ರಾನ್ಸ್‌ಮೀಟರಿನ ಪರದೆ ಕಪ್ಪು. ಗೆರೆ ಅರ್ಧಕ್ಕೆ ಬಂದು ನಿಂತಂತಾಯಿತು. ಅದೇ ಹೊತ್ತಿಗೆ ಓಣಿಯ ಕಲ್ಪನಾ ಕಸೂತಿಗೆ ಕೊಟ್ಟ ಕುಪ್ಪಸ ಕೇಳಲು ಒಳಗೆ ಬಂದು, "ನನ್ನ ಜಂಪರ್ ಆಗೇದೇನ್ರಿ?" ಅಂದಳು.

"ಉಸಿರು ಬಿಡಬ್ಯಾಡ. ಕುಂಡ್ರು."

ಪಾಪ, ಕೂತಳು. ಗೆರೆ ಮತ್ತೆ ಸರಿಯಿತು. ತುಂಬಿತು. ಪರದೆ ಬೆಳಗಿತು. ಹೊಸ ಮೆನು, ಹೊಸ ಅಕ್ಷರ. ಕಲ್ಪನಾ ಮೆಲ್ಲಗೆ ಕೇಳಿದಳು: "ಇನ್ನ ಉಸಿರಾಡಲೇನ್ರಿ?"

ಅವಳ ಜಂಪರ್ ಆಗಿರಲಿಲ್ಲ.

ಜನವರಿ 12, ಭಾನುವಾರ

ಕಡ್ಡಿಗಳನ್ನು ಹೊಸ ಫರ್ಮ್‌ವೇರಿಗೆ ಪರಿಚಯ ಮಾಡಿಸಬೇಕು. ಕ್ಯಾಲಿಬ್ರೇಶನ್. ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ, ನಿಧಾನವಾಗಿ. ಹೊಸ ಪರದೆಯಲ್ಲಿ ಪ್ರತಿಯೊಂದಕ್ಕೂ ಅಂಕಿ ಕಾಣುತ್ತದೆ. ಕಡ್ಡಿ ಸರಿದಂತೆ ಅಂಕಿ ಸರಿಯುತ್ತದೆ. ಎಣ್ಣೆ ಜಾರಿದ ಹಾಗೆ.

ಒಂದು ಬಿಟ್ಟು. ಬಲಗಡೆಯ ಕಡ್ಡಿ, ವಿಮಾನದ ಮೂಗು ಎತ್ತುವ ಇಳಿಸುವ ಕಡ್ಡಿ. ನಡುವಿನಿಂದ ತುಸು ಕೆಳಗೆ, ಇಳಿಸುವಾಗ ಹೆಬ್ಬೆರಳು ಹಿಡಿದು ನಿಲ್ಲುವ ಜಾಗ. ಅಲ್ಲಿಗೆ ಬಂದೊಡನೆ ಅಂಕಿ ಹಾರುತ್ತದೆ. ಮೇಲೆ, ಕೆಳಗೆ, ಎಲ್ಲೆಂದರಲ್ಲಿ. ಆ ಜಾಗ ದಾಟಿದರೆ ಮತ್ತೆ ಸುಮ್ಮನೆ.

ಹತ್ತಾರು ಸಲ ನೋಡಿದೆ. ಅದೇ ಜಾಗ.

ಹಾಳು ಮಾಡಿದೆನೇ? ನಿನ್ನ ಕೈ ಸರಿಪಡಿಸಲು ಹೋಗಿ ನಿನ್ನ ಯಂತ್ರ ಕೆಡಿಸಿದೆನೇ?

ಜನವರಿ 16, ಗುರುವಾರ

ಮೂರ್ನಾಲ್ಕು ದಿನ ಅದರ ಮೇಲೆ ಅರಿವೆ ಹೊದಿಸಿ ಇಟ್ಟಿದ್ದೆ. ಸಂಕ್ರಾಂತಿಗೆ ನೀನು ಫೋನ್ ಮಾಡಿದೆ. ಕಡಲೆ ಬೆಳೆ, ಚಿಗವ್ವನ ಹಲ್ಲು, ಎಲ್ಲ ಮಾತಾಡಿದೆವು. ಇದನ್ನು ಹೇಳಲು ಬಾಯಿ ಬರಲಿಲ್ಲ.

ಇವತ್ತು ಧೈರ್ಯ ಮಾಡಿ ಹಳೆಯದನ್ನೇ ತಿರುಗಿ ಹಾಕಿದೆ. ಕಂಪನಿಯದು, ಮೊದಲು ಇದ್ದ ಹಾಗೆ. ಕಂಪನಿಯ ಪರದೆಯಲ್ಲಿ ಅಂಕಿ ಇಲ್ಲ, ಸಣ್ಣ ಗೆರೆಯಷ್ಟೇ. ಹುಡುಕಿ ನೋಡದವರಿಗೆ ಏನೂ ಕಾಣುವುದಿಲ್ಲ. ನಾನು ಹುಡುಕಿ ನೋಡಿದೆ. ಅದೇ ಜಾಗದಲ್ಲಿ ಗೆರೆ ನಡುಗಿತು.

ಅಂದರೆ ಹೊಸ ಫರ್ಮ್‌ವೇರ್ ಮಾಡಿದ್ದಲ್ಲ. ಮೊದಲೇ ಇತ್ತು.

ಬೆರಳಿನ ತಪ್ಪಿರಬಹುದು ಎಂದು ಅಡುಗೆಮನೆಯಿಂದ ಹುಣಸೆಬೀಜ ತಂದೆ. ಕಡ್ಡಿಯ ಬುಡಕ್ಕೆ ಸಿಕ್ಕಿಸಿ ಅದೇ ಜಾಗದಲ್ಲಿ ನಿಲ್ಲಿಸಿದೆ. ಟ್ರಾನ್ಸ್‌ಮೀಟರ್ ಮೇಜಿನ ಮೇಲೆ. ನಾನು ದೂರ ಕುರ್ಚಿಯಲ್ಲಿ. ಯಾರ ಕೈಯೂ ಇಲ್ಲ. ಆದರೂ ನಡುಕ.

ಎಷ್ಟೋ ಹೊತ್ತು ನೋಡುತ್ತ ಕೂತೆ, ಲಿಂಗಣ್ಣ. ಹೊಲದಲ್ಲಿ ನಿನ್ನ ಮುಖ ನೆನಪಾಯಿತು.

ಮತ್ತೆ ಹೊಸದನ್ನೇ ಹಾಕಿ ಇಟ್ಟಿದ್ದೇನೆ. ಅದರಲ್ಲಿ ಅಂಕಿ ದೊಡ್ಡದಾಗಿ ಕಾಣುತ್ತದೆ. ನೀನು ನೋಡಬೇಕು. ರಿಪೇರಿ ಆಮೇಲೆ.

ಜನವರಿ 19, ಭಾನುವಾರ, ಸಂಜೆ

ನೀನು ಬಂದು ಹೋದೆ. ಶಾಂಭವಿಯ ಶೇಂಗಾ ಹೋಳಿಗೆ ಡಬ್ಬಿಯಲ್ಲಿ ಹಾಗೇ ಇವೆ. ನೆನಪಿರುವಾಗಲೇ ಬರೆಯುತ್ತೇನೆ.

ಒಳಗೆ ಕಾಲಿಟ್ಟವನೇ ಟ್ರಾನ್ಸ್‌ಮೀಟರ್ ಕಂಡೆ. ಮುಖ ಗಂಟಾಯಿತು. "ಗುಜರಿಗೆ ಹಾಕಂದಿದ್ನೆಲ್ಲ?"

"ಗುಜರಿಯಾಂವ ಇನ್ನೂ ಬಂದಿಲ್ಲ. ಬರೂತನ ಇದನ್ನಷ್ಟು ನೋಡು. ಕೈ ಹಿಂದ ಕಟ್ಕೋ. ನಾನೂ ಕಟ್ಕೊಂಡೀನಿ."

ಶಾಲೆಯ ಮಕ್ಕಳ ಹಾಗೆ ಇಬ್ಬರೂ ಕೈಕಟ್ಟಿ ನಿಂತೆವು. ಹುಣಸೆಬೀಜ ಕಡ್ಡಿ ಹಿಡಿದಿತ್ತು. ಅಂಕಿ ನಡುಗುತ್ತಿತ್ತು.

"ಇದೇನು, ಪರದಿ ಬ್ಯಾರೆ ಕಾಣಾಕತ್ತದ?"

ಎಲ್ಲ ಹೇಳಿದೆ. ಚಾಂದಪಾಶಾ, ತಾರ, ಫರ್ಮ್‌ವೇರ್. ನಿನ್ನ ನಡುಕ ಮರೆಸಲು ಹೋಗಿದ್ದೆ ಎಂಬುದನ್ನೂ ಹೇಳಿದೆ.

ನೀನು ನಕ್ಕೆ. ಒಳ್ಳೆಯ ನಗುವಲ್ಲ. "ಭಾಳ ಶಾಣ್ಯಾಕಿ ಅದೀ ಅಕ್ಕಾ. ಸಾಫ್ಟ್‌ವೇರ್ ಹಾಕಿದಾಕಿ ನೀನೇ. ನಡಗು ಅಂದ್ರ ನಡಗತದ. ನನ್ನ ಸಮಾಧಾನಕ್ಕ ಇಷ್ಟೆಲ್ಲ ನಾಟಕ ಯಾಕ?"

ಇದು ನನಗೆ ಹೊಳೆದೇ ಇರಲಿಲ್ಲ! ನಾನು ಹಾಕಿದ ಹೊಸದೇ ನನ್ನ ಮಾತಿಗೆ ಅಡ್ಡ ಬಂದಿತು.

"ನಾಟಕ ಬರತಿದ್ರ ಹೊಲಿಗಿ ಮಷಿನ್ ಯಾಕ ರಿಪೇರಿ ಮಾಡ್ತಿದ್ನೋ? ಹಳೇದು ಹಾಕಲೇನು, ನಿನ್ನ ಕಣ್ಣೆದುರಿಗೇ?"

"ಹಾಕು. ನೋಡೇಬಿಡ್ತೀನಿ."

ಹಾಕಿದೆ. ಹಸಿರು ಗೆರೆ ತೆವಳಿ ತುಂಬಿತು. ಕಂಪನಿಯ ಪರದೆ ಬಂದಿತು. ಹುಣಸೆಬೀಜ ನೀನೇ ಸಿಕ್ಕಿಸಿದೆ. ಹಿಂದಕ್ಕೆ ಸರಿದೆ. ಸಣ್ಣ ಗೆರೆ, ಸಣ್ಣ ನಡುಕ. ನೀನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡೆ.

"ಸ್ಕ್ರೂಡ್ರೈವರ್ ಕೊಡು."

ಅದರ ಬೆನ್ನು ನೀನೇ ಬಿಚ್ಚಿದೆ. ಆ ಕಡ್ಡಿಯ ಎರಡು ಪಾಟುಗಳು. ಕಡ್ಡಿ ಎಷ್ಟು ಸರಿಯಿತು ಎಂದು ಅಳೆಯುವ ಸಣ್ಣ ಗುಂಡಿಗಳು, ಹಳೆಯ ರೇಡಿಯೋದ ವಾಲ್ಯೂಮ್ ಇದ್ದಂತೆ. ನಡುಕ ಪಾಟಿನದೋ ಅಲ್ಲವೋ ತಿಳಿಯಲು ಒಂದರ ವೈರು ಇನ್ನೊಂದಕ್ಕೆ ಹಾಕಿ ನೋಡೋಣ ಎಂದೆ ನೀನು. ಬೆಸುಗೆ ಕಡ್ಡಿ ಕಾಯಿತು. ನೀನು ಕೈಗೆತ್ತಿಕೊಂಡೆ. ತುದಿ ಅಲ್ಲಾಡಿತು. ಒಂದು ಕ್ಷಣ ಅದನ್ನೇ ನೋಡಿದೆ.

"ಬೆಸುಗಿ ನೀ ಹಚ್ಚು," ಅಂದೆ, ತಲೆ ಎತ್ತದೆ.

ನಾನು ಹಚ್ಚಿದೆ. ಸ್ವಿಚ್ ಒತ್ತಿದೆವು. ನಡುಕ ಆ ಗೆರೆ ಬಿಟ್ಟು ಪಕ್ಕದ ಗೆರೆಗೆ ಹೋಗಿತ್ತು.

"ಪಾಟ್ ಸವದದ," ಅಂದೆ ನೀನು. ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗ ಕೇಳಿದೆ:

"ಆದ್ರ ಅಕ್ಕಾ, ನನ್ನ ಕೈನೂ ನಡಗೂದು ಖರೇ ಅದ ಅಲ್ಲ. ಅವತ್ತ ಹೊಲದಾಗ ಎರಡರಾಗ ಯಾವುದು?"

ನನಗೆ ಗೊತ್ತಿಲ್ಲ. ಗೊತ್ತಿಲ್ಲ ಎಂದೆ.

ಜನವರಿ 23, ಗುರುವಾರ

ಚಾಂದಪಾಶಾ ಹೊಸ ಪಾಟ್ ಕಳಿಸಿದ. ಕೂರಿಸಿದೆ. ವೈರುಗಳನ್ನು ಅವುಗಳ ಜಾಗಕ್ಕೆ ತಂದೆ. ಹೊಸ ಫರ್ಮ್‌ವೇರ್ ಮತ್ತೊಮ್ಮೆ. ಈಗ ಅಂಕಿ ಎಲ್ಲೂ ಹಾರುವುದಿಲ್ಲ. ಹುಣಸೆಬೀಜ ಸಿಕ್ಕಿಸಿ ಊಟ ಮುಗಿಸಿ ಬಂದೆ. ಕದಲಿಲ್ಲ.

ಇನ್ನು ಕೈಯ ಮಾತು. ಕಡ್ಡಿಯನ್ನು ಮೆದು ಮಾಡುವ ಸೆಟ್ಟಿಂಗ್ ಹಾಕಿದೆ. ಸಣ್ಣ ಅಲುಗಾಟಕ್ಕೆ ಕಿವುಡು. ಹೇಳದೆ ಒಳಗೇ ಇಟ್ಟುಬಿಡಲೇ ಎನಿಸಿತು. ನಿನಗೆ ಗೊತ್ತೇ ಆಗುವುದಿಲ್ಲ. ನನ್ನ ಕೈ ನೆಟ್ಟಗಾಯಿತು ಎಂದುಕೊಂಡು ಹಾರಿಸುತ್ತೀ...

ಬೇಡ. ಒಮ್ಮೆ ನಾಟಕ ಅಂದಿದ್ದೀಯ. ಮತ್ತೆ ಅನ್ನಿಸಿಕೊಳ್ಳಲಾರೆ.

ಎಡಗಡೆಯ ಸ್ವಿಚ್ಚಿಗೆ ಹಾಕಿದೆ. ಮೇಲಿದ್ದರೆ ಕಡ್ಡಿ ನಿನ್ನ ಕೈ ಹೇಳಿದಷ್ಟನ್ನೂ ಹೇಳುತ್ತದೆ. ಕೆಳಗಿದ್ದರೆ ಮೆದು. ಫೋನಿನಲ್ಲಿ ತಿಳಿಸಿದೆ. ನೀನು "ಹೂಂ" ಅಂದೆ. ಆಮೇಲೆ, "ಮೊದಲ ದೇವಾಪುರಕ್ಕ ಹೋಗೂಣು. ಭೀಮಮ್ಮಗ ಹೇಳಬೇಕು" ಅಂದೆ.

ಜನವರಿ 26, ಭಾನುವಾರ

ಭೀಮಮ್ಮ ಕುರಿಗಳಿಗೆ ಜಾಲಿ ಕಾಯಿ ಬಡಿಯುತ್ತಿದ್ದಳು. ನೀನು ಪಾಟ್, ವೈರು, ನಡುಕ ಎಲ್ಲ ಬಿಡಿಸಿ ಹೇಳಿದೆ. ಆಕೆ ಕೋಲಿನ ಮೇಲೆ ಗದ್ದ ಊರಿ ಕೇಳಿದಳು.

"ಹಂಗಂದ್ರ ಏನ್ರಿ ಸಾವ್ಕಾರ್ರ? ನಿಮ್ಮ ಕೈ ಅಲ್ಲಾ, ಮಷಿನ್ ಅಂತೀರೇನು?"

"ಮಷಿನ್ ಖರೇ. ಕೈನೂ ಇರಬಹುದು. ಅದನ್ನೇ ಹೇಳಾಕ ಬಂದೀನಿ. ಗೊತ್ತಿಲ್ಲ."

"ಕೈಯಿಂದರ ಬೀಳಲಿ, ಮಷಿನ್ನಿಂದರ ಬೀಳಲಿ, ಬಿದ್ದಿದ್ದು ನನ್ನ ಮಗ್ಗಲಕ್ಕ ಅಲ್ಲೇನ್ರಿ?" ಅಂದಳು. ನೀನು ತಲೆ ತಗ್ಗಿಸಿದೆ. ಆಕೆ ನನ್ನ ಕಡೆ ತಿರುಗಿದಳು. "ಅವತ್ತಿಂದ ಈ ದಾರಿಗೇ ಬಂದಿಲ್ಲ ನೋಡಬೇ ನಿಮ್ಮ ತಮ್ಮ. ನಾ ಏನ್ ಹುಲಿ ಏನು?" ಮತ್ತೆ ನಿನಗೆ: "ಹಾರಸ್ರಿ. ನಮ್ಮ ಹಿಂಡ ಇದ್ದಲ್ಲಿ ಬ್ಯಾಡ. ಹತ್ತಿಕುಣಿ ಕೆರಿ ಕಡಿ ಹೋಗ್ರಿ. ಅಲ್ಲಿ ಬಿದ್ರ ಮೀನ ಹೆದರತಾವು, ಅವಕ್ಕ ಬೈಯಾಕ ಬರಂಗಿಲ್ಲ."

ನೀನು ನಕ್ಕೆ. ಈ ಸಲ ಒಳ್ಳೆಯ ನಗು. ಭೀಮಮ್ಮ ಕೈತುಂಬ ಹಸಿಕಡಲೆ ಕಿತ್ತು ಕೊಟ್ಟಳು, ಯಾರ ಹೊಲದ್ದೋ.

ಟ್ರಾನ್ಸ್‌ಮೀಟರ್ ನಿನ್ನ ಚೀಲಕ್ಕೆ ಹಾಕಿದೆ. ನೀನು ಬೇಡ ಅನ್ನಲಿಲ್ಲ.

ಜನವರಿ 31, ಶುಕ್ರವಾರ

ಶಾಂಭವಿಯ ಫೋನು. ಹಿತ್ತಲ ಖೋಲಿಯ ಕೀಲಿ ತೆಗೆದಿದ್ದೀಯಂತೆ. "ಮನಿ ತುಂಬ ಸನ್‌ಬೋರ್ಡಿನ ಚೂರು, ಅಕ್ಕಾರ. ಕಸಾ ಹೊಡದು ಹೊಡದು ಸಾಕಾತು," ಅಂದಳು. ಬೈಗುಳವೇ. ಆದರೆ ಖುಷಿಯಲ್ಲಿದ್ದಳು. ಭಾನುವಾರ ಬೆಳಿಗ್ಗೆ ಹತ್ತಿಕುಣಿಗೆ ಹೊರಟಿದ್ದೀಯಂತೆ, ಒಬ್ಬನೇ. ಯಾರೂ ಬರಕೂಡದಂತೆ, ಅಕ್ಕನೂ.

ಬರುವುದಿಲ್ಲಪ್ಪ.

ಫೆಬ್ರವರಿ 2, ಭಾನುವಾರ, ಸಂಜೆ ಐದು

ಈ ಒಂದು ಹಾಳೆ ಹರಿದು ಕಳಿಸುತ್ತೇನೆ. ಉಳಿದದ್ದು ನನ್ನ ಹತ್ತಿರವೇ ಇರಲಿ.

ಬೆಳಿಗ್ಗೆಯಿಂದ ಗಾಳಿ ನೋಡುತ್ತಿದ್ದೇನೆ. ಇಲ್ಲಿ ಎಲೆ ಅಲುಗಿಲ್ಲ. ಅಲ್ಲಿ ಹೇಗಿತ್ತೋ. ನಿನಗೆ ಫೋನ್ ಹಚ್ಚಿದೆ. ಹತ್ತಲಿಲ್ಲ. ಶಾಂಭವಿಯನ್ನು ಕೇಳಬಹುದು. ಕೇಳುವುದಿಲ್ಲ. ನಿನ್ನ ಬಾಯಿಂದಲೇ ಬರಬೇಕು.

ಬಾಯಿಂದಲೂ ಅಲ್ಲ, ನಿನ್ನ ಕೈಯಿಂದ. ದಸರಾದಿಂದ ನಿನ್ನ ಒಂದು ಕಾಗದವೂ ಇಲ್ಲ. ಫೋನಿದೆಯಲ್ಲ ಅನ್ನುತ್ತೀ. ಯಾಕೆ ಬರೆಯುವುದಿಲ್ಲ ಎಂದು ಈಗ ತಿಳಿಯಿತು.

ಸ್ವಿಚ್ಚು ಮೇಲಿತ್ತೋ ಕೆಳಗಿತ್ತೋ, ಅದನ್ನು ಹೇಳಬೇಡ. ಅದು ನಿನ್ನದು. ಹಾರಿತೇ, ಇಳಿಯಿತೇ, ಅಷ್ಟು ಸಾಕು. ಹಾರಿಸದೆ ಕೆರೆಯ ಏರಿಯ ಮೇಲೆ ಸುಮ್ಮನೆ ಕೂತು ಬಂದಿದ್ದರೂ ಸರಿ, ಅದನ್ನೇ ಬರೆ. ಎರಡು ಸಾಲು. ಅಕ್ಷರ ನಡುಗಿದರೂ ಓದುತ್ತೇನೆ, ಲಿಂಗಣ್ಣ. ಬೇಗ ಬರೆ—