ಬೀಡಿ ಬಿಡುವು

ಅಪ್ಪಾ,

ಡಾಕ್ಟರು ಆ ಮಧ್ಯಾಹ್ನ ನಿನ್ನ ಎದೆಯ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ಕೇಳಿದ ಪ್ರಶ್ನೆ ನಿನ್ನ ಕಿವಿಗೆ ಬೀಳಲಿಲ್ಲ. ನೀನು ಹೊರಗೆ ಬೆಂಚಿನ ಮೇಲೆ ಕೂತು ಯಾರದೋ ಪಿಎಫ್ ಅರ್ಜಿ ತುಂಬಿಕೊಡುತ್ತಿದ್ದೆ. "ದಿನಕ್ಕೆ ಎಷ್ಟು ಸೇದ್ತಾರೆ?" ಅಂದರು. ಒಂದೂ ಇಲ್ಲ, ಜನ್ಮದಲ್ಲೇ ಬೀಡಿ ಮುಟ್ಟಿದವರಲ್ಲ ಅಂದೆ. ಅವರು ನಂಬಲಿಲ್ಲ, ಇಂಥ ಮಕ್ಕಳನ್ನು ಬಹಳ ನೋಡಿದ್ದೇನೆ ಎನ್ನುವ ಹಾಗೆ ತಲೆಯಾಡಿಸಿ ಬರೆಯತೊಡಗಿದರು. ಅವತ್ತು ನನಗೆ ಬಂದದ್ದು ಬರೀ ಸಿಟ್ಟು. ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ನೀನು ಹೋಗಿ ಏಳು ವರ್ಷವಾದ ಮೇಲೆ. ಸಿಕ್ಕಾಗ ನಾನು...

ತೊಂಬತ್ನಾಲ್ಕರಲ್ಲಿ ಯೂನಿಯನ್ ಸೆಕ್ರೆಟರಿಯಾಗಿದ್ದ ನೀನು ಮುಷ್ಕರಕ್ಕೆ ಕೂತಾಗ ನಾನು ಪಿಯುಸಿ. ಸಾರಕ್ಕಿಯ ಪಂಪ್ ಕಾರ್ಖಾನೆಗೆ ಬಂದಿದ್ದ ಹೊಸ ಮ್ಯಾನೇಜರು ಒಳಗೆ ಬೀಡಿ ಸೇದಬಾರದೆಂದು ಬೋರ್ಡು ಹಾಕಿಸಿ, ಹನ್ನೊಂದು ಗಂಟೆಯ ಹತ್ತು ನಿಮಿಷದ ಬಿಡುವನ್ನೂ ತೆಗೆದುಬಿಟ್ಟಿದ್ದರು. ಬೀಡಿಯೇ ಇಲ್ಲದ ಮೇಲೆ ಬೀಡಿ ಬಿಡುವು ಯಾಕೆ ಅಂತ. ತಮ್ಮ ಕೋಣೆಯಲ್ಲಿ ಮಾತ್ರ ಸಿಗರೇಟು ಉರಿಯುತ್ತಲೇ ಇತ್ತು. ಸೇದದ ನೀನು ಬೀಡಿಗಾಗಿ ಯಾಕೆ ಬಿಸಿಲಲ್ಲಿ ಕೂತಿದ್ದೀಯ ಅಂತ ಕೇಳಿದ್ದೆ. "ಬೀಡಿಗಲ್ಲಮ್ಮ. ಆ ಹತ್ತು ನಿಮಿಷ ಮೆಷಿನ್ ನಿಲ್ಲುತ್ತಲ್ಲ, ಅದಕ್ಕೆ. ಇವತ್ತು ಆರೋಗ್ಯದ ಹೆಸರಲ್ಲಿ ಕಿತ್ಕೊಂಡ್ರೆ, ನಾಳೆ ಇನ್ಯಾವುದರ ಹೆಸರಲ್ಲೋ ಕಿತ್ಕೋತಾರೆ" ಅಂದೆ. ಗೆದ್ದೂ ಬಿಟ್ಟೆ. ಲೇತ್ ಮೆಷಿನ್ನಿನ ದೊಡ್ಡಯ್ಯ ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಬಸ್‌ಸ್ಟಾಪಿನವರೆಗೆ ನಡೆದ. ಅಂಥ ಅಪ್ಪ ಯಾರಿಗಿದ್ದಾನೆ ಅಂತ ನಾನು ಕಾಲೇಜಿನಲ್ಲೆಲ್ಲ ಹೇಳಿಕೊಂಡು ತಿರುಗಿದೆ.

ಯಡಿಯೂರಿನ ಯೂನಿಯನ್ ರೂಮಿಗೆ ಭಾನುವಾರ ನಾನೇ ಊಟದ ಡಬ್ಬಿ ತರುತ್ತಿದ್ದೆ. ಬಾಗಿಲು ತೆಗೆದರೆ ಒಳಗಿರುವವರ ಮುಖ ಕಾಣುತ್ತಿರಲಿಲ್ಲ, ಅಷ್ಟು ಹೊಗೆ. ನಿನ್ನ ಅಂಗಿಗಳನ್ನು ಅಮ್ಮ ಬೇರೆ ಬಕೆಟ್ಟಿನಲ್ಲಿ ನೆನೆಹಾಕುತ್ತಿದ್ದಳು. ನಾವು ಅದನ್ನು ಯೂನಿಯನ್ ವಾಸನೆ ಅಂತ ಕರೆಯುತ್ತಿದ್ದೆವು. ಹೆಮ್ಮೆಯಿಂದಲೇ.

ನೀನು ಹೋದ ಮೇಲೆ ಕಾರ್ಖಾನೆಯಲ್ಲಿ ನನಗೆ ಸ್ಟೋರ್ಸಿನ ಕೆಲಸ ಕೊಟ್ಟರು, ಎರಡೇ ವರ್ಷಕ್ಕೆ ಯೂನಿಯನ್ ಕಮಿಟಿಗೂ ಸೇರಿದೆ. ಎರಡು ಸಾವಿರದ ಎಂಟರ ಗಾಂಧಿ ಜಯಂತಿಯಿಂದ ಸಾರ್ವಜನಿಕ ಜಾಗದಲ್ಲಿ ಯಾರೂ ಸೇದುವಂತಿಲ್ಲ ಅಂತ ಸರ್ಕಾರವೇ ನಿಷೇಧ ತಂದಿತು. ಅದೇ ವಾರ ನಮ್ಮ ಮ್ಯಾನೇಜ್‌ಮೆಂಟು ಹನ್ನೊಂದು ಗಂಟೆಯ ಬಿಡುವು ರದ್ದು ಅಂತ ನೋಟಿಸು ಅಂಟಿಸಿತು. ನಿನ್ನ ಜಾಗಕ್ಕೆ ಸೆಕ್ರೆಟರಿಯಾಗಿ ಬಂದಿದ್ದ ವೆಂಕಟೇಶಣ್ಣ ಕಾನೂನನ್ನೇ ವಿರೋಧಿಸಿ ಕರಪತ್ರ ಹಾಕೋಣ ಅಂದರು. ದೊಡ್ಡ ಹೋಟೆಲುಗಳಲ್ಲಿ ಸೇದುವುದಕ್ಕೆ ಬೇರೆ ಕೋಣೆ ಇರುತ್ತದೆ, ಬನಶಂಕರಿ ಬಸ್‌ಸ್ಟ್ಯಾಂಡಿನಲ್ಲಿ ಪೊಲೀಸರ ಕೈಗೆ ಸಿಗುವವನು ನಮ್ಮವನೇ; ಸಿಗರೇಟು ಕಂಪನಿಗಳನ್ನು ಮುಟ್ಟದ ಸರ್ಕಾರ ಸೇದುವವನ ಕೊರಳಪಟ್ಟಿ ಹಿಡಿಯುತ್ತದೆ; ಬೀಡಿ ಕಟ್ಟಿ ಬದುಕುವ ಹೆಂಗಸರ ಗತಿಯೇನು? ಇದರಲ್ಲಿ ಯಾವ ಮಾತು ಸುಳ್ಳು ಹೇಳು? ಕರಪತ್ರ ಬರೆದವಳು ನಾನೇ. ಅರ್ಧಕ್ಕರ್ಧ ನಿನ್ನ ತೊಂಬತ್ನಾಲ್ಕರ ವಾಕ್ಯಗಳು.

ಗೇಟ್ ಮೀಟಿಂಗಿಗೆ ದೊಡ್ಡಯ್ಯನ ಹೆಂಡತಿ ಗೌರಕ್ಕನನ್ನು ಕರೆಯಲು ಹೋಗಿದ್ದು ಸುಬ್ರಹ್ಮಣ್ಯಪುರದ ಅವರ ಮನೆಗೆ. ದೊಡ್ಡಯ್ಯ ತೀರಿಕೊಂಡು ಎರಡು ವರ್ಷವಾಗಿತ್ತು. ಹಳೇ ಮುಷ್ಕರದ ನೆನಪಿಗೆ ಎರಡು ಮಾತಾಡಿ ಅಂತ ಕೇಳಿದೆ. ಅವರಿಗೆ ಓದು ಬಾರದು, ಕರಪತ್ರ ಓದು ಅಂದರು. ಓದಿದೆ. ಕೊನೆಯವರೆಗೂ ಕೇಳಿಸಿಕೊಂಡು, ಸೆರಗಿನಿಂದ ಕೈ ಒರೆಸಿಕೊಂಡು, ಮೆಲ್ಲಗೆ ಹೇಳಿದರು:

"ನಿಮ್ಮಪ್ಪ ಹತ್ತು ನಿಮಿಷ ಗೆದ್ದುಕೊಟ್ರು. ನಮ್ಮೋರು ಆ ಹತ್ತು ನಿಮಿಷದಲ್ಲಿ ಮೂರು ಬೀಡಿ ಸುಡೋರು. ಕೊನೇಲಿ ಆಸ್ಪತ್ರೇಲಿ ಅವರ ಗಂಟಲು ಕುಯ್ದ್ರು. ಮಾತಿಲ್ಲ, ಸ್ಲೇಟಲ್ಲಿ ಬರೆದು ನೀರು ಕೇಳೋರು. ನನಗೆ ಓದಕ್ಕೆ ಬರಲ್ಲ, ಪಕ್ಕದ ಮನೆಯೋರನ್ನ ಕರೀಬೇಕಿತ್ತು. ಯೂನಿಯನ್ನಿಂದ ಹಾರ ತಂದ್ರಿ. ಬದುಕಿರೋವಾಗ ಒಬ್ಬರಾದ್ರೂ ಬಿಡಪ್ಪ ಅಂದ್ರಾ?"

ನಾನು ಕರಪತ್ರ ಮಡಚಿದೆ. ಅವರು ನನ್ನ ಮುಖ ನೋಡಿ, "ನಿಮ್ಮಪ್ಪಂಗೂ ಹೊಗೆ ಆಗ್ತಿರಲಿಲ್ಲ. ನಿಂಗೆ ಗೊತ್ತಿಲ್ವಾ?" ಅಂದರು. ಆ ಯೂನಿಯನ್ ರೂಮಿಗೆ ಟೀ ಮಾಡಿಕೊಡುತ್ತಿದ್ದವರು ಅವರೇ ಅಲ್ಲವಾ. ನೀನು ನಡುನಡುವೆ ಎದ್ದು ಬಂದು ಮೆಟ್ಟಿಲ ಮೇಲೆ ನಿಂತು ಕೆಮ್ಮುತ್ತಿದ್ದೆಯಂತೆ, ಕಣ್ಣು ಒರೆಸಿಕೊಂಡು ಮತ್ತೆ ಒಳಗೆ ಹೋಗುತ್ತಿದ್ದೆಯಂತೆ. ಬೀಡಿ ಆರಿಸಿ ಅಂತ ಅವರಿಗೆ ಹೇಳಬಾರದಾ ಅಂತ ಗೌರಕ್ಕ ಒಂದು ಸಲ ಕೇಳಿದರಂತೆ. ನೀನು ಅಂದದ್ದು: "ಮ್ಯಾನೇಜರು ಹೇಳಿದ್ದನ್ನೇ ನಾನೂ ಹೇಳಿದ್ರೆ ಹೆಂಗಮ್ಮ?"

ಅಪ್ಪಾ, ಇಪ್ಪತ್ತು ವರ್ಷ ಆ ಹೊಗೆಯಲ್ಲಿ? ಒಂದು ಕಿಟಕಿ ತೆಗೆಯಿರಿ ಅಂತ ಕೇಳುವುದಕ್ಕೂ ಆಗಲಿಲ್ಲವಾ? ನಿನ್ನ ಸಾವಿಗೆ ಅದೇ ಕಾರಣ ಅಂತ ಯಾವ ಡಾಕ್ಟರೂ ಬರೆದುಕೊಟ್ಟಿಲ್ಲ, ನಿಜ. ಆದರೆ ಆ ಬೆಂಚಿನ ಮೇಲೆ ಅರ್ಜಿ ತುಂಬುವಾಗ ನಿನಗೆ ಗೊತ್ತಿತ್ತಾ? ಗೊತ್ತಿದ್ದೂ ನನಗೆ... ಬಸ್ಸಿನಲ್ಲಿ ಕೂತ ಮೇಲೆ ನೋಡಿದರೆ ನನ್ನ ಕಾಲಲ್ಲಿ ಗೌರಕ್ಕನ ಚಪ್ಪಲಿ ಇದ್ದವು. ಯಾವಾಗ ಎದ್ದೆ, ಏನು ಹೇಳಿ ಬಂದೆ, ಇವತ್ತಿಗೂ ನೆನಪಿಲ್ಲ.

ಗೇಟ್ ಮೀಟಿಂಗಿನ ದಿನ ಕರಪತ್ರ ಕೈಯಲ್ಲೇ ಇತ್ತು, ಓದಲಿಲ್ಲ. "ಬಿಡುವು ನಮ್ಮದು, ಅದನ್ನ ಬಿಡಲ್ಲ. ಹೊಗೆ ಮಾಲೀಕರಿಗೂ ಬೇಡ, ನಮಗೂ ಬೇಡ. ಎರಡೂ ಒಂದೇ ಅಂದ್ಕೊಂಡಿದ್ದು ತಪ್ಪು. ನಮ್ಮಪ್ಪನೇ ಮಾಡಿದ ತಪ್ಪು" ಅಂದೆ. ಹಳಬರು ಕೆಲವರು ಎದ್ದು ಹೋದರು. ವೆಂಕಟೇಶಣ್ಣ ಹತ್ತಿರ ಬಂದು, ನಿಮ್ಮಪ್ಪ ಎದುರಿಗಿದ್ದಿದ್ದರೆ ಈ ಮಾತು ಆಡುತ್ತಿದ್ದೆಯಾ ಅಂತ ಕೇಳಿದರು. ಆಡುತ್ತಿರಲಿಲ್ಲ, ಅಪ್ಪಾ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅದೇ ಮೀಟಿಂಗಿನಲ್ಲಿ ಆಮೇಲೆ ಆದದ್ದು ಇನ್ನೊಂದು. ವೈಂಡಿಂಗ್ ವಿಭಾಗದ ಹೆಂಗಸರು, ದಿನವಿಡೀ ತಾಮ್ರದ ತಂತಿ ಸುತ್ತುವವರು, ಹಿಂದಿನ ಸಾಲಿನಲ್ಲಿದ್ದರು. ಅವರಲ್ಲಿ ಒಬ್ಬರು ಎದ್ದು ನಿಂತು, "ಬಿಡುವು ಉಳಿಸ್ತೀವಿ ಅಂತೀರಲ್ಲ, ನಮಗೆ ಯಾವತ್ತು ಇತ್ತು ಮೇಡಂ?" ಅಂದರು. ಬೀಡಿ ಬಿಡುವು ಅಂತಲ್ಲವಾ ಅದರ ಹೆಸರು, ಸೇದುವವರು ಹೋಗುತ್ತಿದ್ದರು. ಹದಿನಾಲ್ಕು ವರ್ಷದಲ್ಲಿ ಒಬ್ಬ ಹೆಂಗಸೂ ಆ ಹತ್ತು ನಿಮಿಷಕ್ಕೆ ಮೆಷಿನ್ನಿನಿಂದ ಎದ್ದಿರಲಿಲ್ಲ. ನಾನೂ ಅಲ್ಲೇ ಕೆಲಸ ಮಾಡುತ್ತಿದ್ದೆ, ನನಗೂ ಹೊಳೆದಿರಲಿಲ್ಲ. ನಿನಗೆ?

ಎರಡು ತಿಂಗಳು ಎಳೆದಾಡಿ ಒಪ್ಪಂದಕ್ಕೆ ಸಹಿ ಬಿತ್ತು. ಹನ್ನೊಂದಕ್ಕೆ ಹತ್ತು ನಿಮಿಷ, ಎಲ್ಲರಿಗೂ. ಬೀಡಿ ಸಿಗರೇಟು ಎಲ್ಲೂ ಇಲ್ಲ, ಮ್ಯಾನೇಜರ ಕೋಣೆಯಲ್ಲೂ ಇಲ್ಲ. ಯೂನಿಯನ್ ಕಡೆಯಿಂದ ಸಹಿ ಹಾಕಿದವರು ವೆಂಕಟೇಶಣ್ಣನೇ. ನನ್ನ ಜೊತೆ ಇನ್ನೂ ಸರಿಯಾಗಿ ಮಾತಾಡುವುದಿಲ್ಲ. ಮೊದಲ ದಿನ ಸೈರನ್ ಆದಾಗ ಹೆಂಗಸರು ಹೊರಗೆ ಬಂದು ಏನು ಮಾಡಬೇಕೆಂದು ತಿಳಿಯದೆ ಸುಮ್ಮನೆ ನಿಂತಿದ್ದರು. ಆಮೇಲೆ ಒಬ್ಬರು ಗೋಡೆಗೆ ಒರಗಿ ಕೂತು ಕಾಲು ಚಾಚಿದರು, ಮಿಕ್ಕವರೂ ಕೂತರು. ನಾನೂ ಹೋಗಿ ಕೂತೆ.